ಪೊಲೀಸ್ ವೈರ್‌ಲೆಸ್ ಕೇಳೋ ಸ್ಕ್ಯಾನರ್: ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

2021ರ ಜನವರಿ 21ರ ರಾತ್ರಿ ಹತ್ತೂಕಾಲು ದಾಟಿದ ಹೊತ್ತು. ಶಿವಮೊಗ್ಗದಲ್ಲಿ ಮನೆಗಳು ಅದುರಿದವು. ಆ ಅದುರು ಭದ್ರಾವತಿಗೂ, ಪಕ್ಕದ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಿಗೂ ತಟ್ಟಿತು. ಜನ ಭೂಕಂಪ ಅಂದುಕೊಂಡು ಬೀದಿಗೆ ಬಂದರು. ನಿಜಕ್ಕೂ ಸಿಡಿದದ್ದು ಹುಣಸೋಡು ಬಳಿಯ ಕಲ್ಲು ಕ್ವಾರಿಯಲ್ಲಿದ್ದ ಸ್ಫೋಟಕ. ಆದರೆ ಅದು ಖಚಿತವಾಗಿ ಗೊತ್ತಾಗೋವರೆಗೂ ಊರಿನ ಕೈಯಲ್ಲಿ ಇದ್ದದ್ದು ವಾಟ್ಸಾಪ್ ಮಾತ್ರ.

ಇಂಥ ರಾತ್ರಿಗಳು ಈ ಎರಡು ಊರಿಗೆ ಹೊಸತಲ್ಲ. 2022ರ ಫೆಬ್ರವರಿಯಲ್ಲಿ ಹರ್ಷ ಕೊಲೆಯ ನಂತರದ ದಿನಗಳು, ಅದೇ ವರ್ಷ ಆಗಸ್ಟ್ 15ರಂದು ಅಮೀರ್ ಅಹ್ಮದ್ ಸರ್ಕಲ್‌ನ ಫ್ಲೆಕ್ಸ್ ಗಲಾಟೆ, ಚೂರಿ ಇರಿತ, ಆಮೇಲೆ ಶಿವಮೊಗ್ಗ ಮತ್ತು ಭದ್ರಾವತಿ ಎರಡರಲ್ಲೂ ನಿಷೇಧಾಜ್ಞೆ, 2023ರ ಅಕ್ಟೋಬರ್ 1ರಂದು ರಾಗಿಗುಡ್ಡದ ಕಲ್ಲು ತೂರಾಟ. ಪ್ರತಿ ಸಲವೂ ಹಾಸ್ಟೆಲ್‌ನಲ್ಲಿ, ಪಿಜಿಯಲ್ಲಿ, ಮನೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ ಇದ್ದ ಪ್ರಶ್ನೆ ಒಂದೇ: ಈಗ ನಿಜವಾಗಿ ಏನಾಗ್ತಿದೆ?

ಈ ಪ್ರಶ್ನೆ ಇಟ್ಟುಕೊಂಡು ಯೂಟ್ಯೂಬ್‌ಗೆ ಹೋದರೆ ಒಂದು ಆಕರ್ಷಕ ಉತ್ತರ ಸಿಗುತ್ತೆ. ಅದರ ಹೆಸರು ಸ್ಕ್ಯಾನರ್. ಅಮೆರಿಕದಲ್ಲಿ ಒಬ್ಬ ಮೇಜಿನ ಮೇಲೆ ಸಣ್ಣ ಪೆಟ್ಟಿಗೆ ಇಟ್ಟುಕೊಂಡು ತನ್ನೂರಿನ ಪೊಲೀಸ್, ಫೈರ್, ಆಂಬುಲೆನ್ಸ್ ಮಾತುಕತೆ ಕೇಳ್ತಾ ಕೂತಿರ್ತಾನೆ. "ನಮಗೂ ಇಂಥದ್ದೊಂದು ಇದ್ರೆ?" ಅಂತ ಅನಿಸೋದು ಸಹಜ. ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಮೊದಲ ಮೂರು ತಂತ್ರಜ್ಞಾನದವು. ನಾಲ್ಕನೆಯದು ಕಾನೂನಿನದು, ಮತ್ತು ನಮ್ಮ ದೇಶದಲ್ಲಿ ಉಳಿದ ಮೂರನ್ನೂ ಪಕ್ಕಕ್ಕೆ ತಳ್ಳುವುದು ಅದೇ.

ಪ್ರಶ್ನೆ 1: ಗಾಳಿಯಲ್ಲಿ ಹೋಗ್ತಿರೋದು ದನಿಯೋ, ಅಂಕಿಯೋ?

ಹಳೆಯ ವೈರ್‌ಲೆಸ್ ಅನಲಾಗ್. ಅಂದ್ರೆ ಮಾತಿನ ಏರಿಳಿತವೇ ರೇಡಿಯೊ ಅಲೆಯ ಏರಿಳಿತವಾಗಿ ಹೋಗುತ್ತೆ. ಆ ಫ್ರೀಕ್ವೆನ್ಸಿಗೆ ಟ್ಯೂನ್ ಆಗುವ ಯಾವ ಸೆಟ್ ಇದ್ದರೂ ಮಾತು ಕೇಳುತ್ತೆ. ಸ್ಕ್ಯಾನರ್ ಅನ್ನೋ ಹೆಸರು ಬಂದದ್ದೂ ಆ ಕಾಲದಲ್ಲೇ. ಒಂದಾದ ಮೇಲೊಂದು ಚಾನೆಲ್ ತಡವಿ ನೋಡಿ, ಮಾತು ಸಿಕ್ಕ ಕಡೆ ನಿಲ್ಲೋ ರೇಡಿಯೊ ಅದು.

ಡಿಜಿಟಲ್ ಸೆಟ್ ಮೊದಲು ಮಾತನ್ನು ಅಂಕಿಗಳಾಗಿ ಮಾಡುತ್ತೆ, ಆಮೇಲೆ ಅಂಕಿಗಳನ್ನು ಗಾಳಿಗೆ ಬಿಡುತ್ತೆ. ಹಳೆ ಸೆಟ್‌ನಲ್ಲಿ ಕೇಳಿದರೆ ಬರೀ ಗರಗರ ಸದ್ದು. ಅಂಕಿಯನ್ನು ಮತ್ತೆ ಮಾತು ಮಾಡಬೇಕಾದರೆ ಅದು ಯಾವ ಪದ್ಧತಿಯ ಅಂಕಿ ಅಂತ ಗೊತ್ತಿರಬೇಕು. ಜಗತ್ತಿನಲ್ಲಿ ಪೊಲೀಸ್, ಅಗ್ನಿಶಾಮಕದಂಥ ತುರ್ತು ಸೇವೆಗಳು ಬಳಸೋ ಪದ್ಧತಿಗಳಲ್ಲಿ ಮೂರು ಮುಖ್ಯ. ಉತ್ತರ ಅಮೆರಿಕದಲ್ಲಿ ಪ್ರಾಜೆಕ್ಟ್ 25, ಅಂದ್ರೆ ಪಿ25. ಯುರೋಪಿನಲ್ಲಿ ಟೆಟ್ರಾ. ಮೂರನೆಯದು ಡಿಎಂಆರ್. ಇದು ಅಗ್ಗ, ಕಾರ್ಖಾನೆ, ಹೋಟೆಲ್‌ಗಳಿಂದ ಹಿಡಿದು ಪೊಲೀಸರ ತನಕ ಎಲ್ಲ ಕಡೆ ಇದೆ. ಭಾರತದಲ್ಲಿ ಟೆಟ್ರಾ ದೊಡ್ಡ ಮಟ್ಟದಲ್ಲಿ ಸುದ್ದಿಯಾದದ್ದು 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್ ಹೊತ್ತಿಗೆ.

ಇಲ್ಲೇ ಮೊದಲ ಎಡವಟ್ಟು ಆಗೋದು. ವಿಡಿಯೊಗಳಲ್ಲಿ ಹೊಗಳೋ ಯುನಿಡೆನ್, ವಿಸ್ಲರ್ ಕಂಪನಿಗಳ ಸ್ಕ್ಯಾನರ್‌ಗಳು ಅಮೆರಿಕದ ಮಾರುಕಟ್ಟೆಗೆ ಮಾಡಿದಂಥವು. ಪಿ25 ಅವುಗಳ ಜೀವಾಳ. ಯುನಿಡೆನ್ ಎಸ್‌ಡಿಎಸ್100ನಲ್ಲಿ ಡಿಎಂಆರ್ ಬೇಕಾದರೆ ಬೇರೆ ದುಡ್ಡು ಕೊಟ್ಟು ಅನ್‌ಲಾಕ್ ಮಾಡಿಸಬೇಕು. ಟೆಟ್ರಾ ಅಂತೂ ಇವುಗಳಲ್ಲಿ ಇಲ್ಲವೇ ಇಲ್ಲ. 600 ಡಾಲರ್‌ಗೂ ಮೇಲೆ ಕೊಟ್ಟು ತಂದ ಪೆಟ್ಟಿಗೆ ಟೆಟ್ರಾ ಇರೋ ಊರಲ್ಲಿ ಪೇಪರ್‌ವೇಟ್ ಅಷ್ಟೇ.

ಪ್ರಶ್ನೆ 2: ಚಾನೆಲ್ ಒಂದೇ ಕಡೆ ಇರುತ್ತಾ, ಓಡಾಡುತ್ತಾ?

ಎರಡನೇ ವಿಷಯ ಟ್ರಂಕಿಂಗ್. ಹೆಸರು ಕೇಳಿ ಹೆದರಬೇಡಿ, ಶಿವಮೊಗ್ಗ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಭದ್ರಾವತಿ ಬಸ್ಸಿಗೆ ಅಂತ ಒಂದು ಪ್ಲಾಟ್‌ಫಾರ್ಮ್ ಕಾಯಂ ಕೊಟ್ಟರೆ ಬಸ್ ಇಲ್ಲದ ಹೊತ್ತಲ್ಲಿ ಆ ಜಾಗ ಖಾಲಿ. ಅದರ ಬದಲು ಯಾವ ಬಸ್ ಬಂತೋ ಅದನ್ನು ಖಾಲಿ ಇರೋ ಪ್ಲಾಟ್‌ಫಾರ್ಮ್‌ಗೆ ಕಳಿಸಿ, "ಭದ್ರಾವತಿ ಬಸ್ ನಾಲ್ಕರಲ್ಲಿ" ಅಂತ ಮೈಕಲ್ಲಿ ಹೇಳಿದ್ರೆ? ಕಡಿಮೆ ಜಾಗದಲ್ಲಿ ಹೆಚ್ಚು ಬಸ್.

ಟ್ರಂಕಿಂಗ್ ಇಷ್ಟೇ. ಮೈಕ್ ಹಿಡಿದವನ ಕೆಲಸ ಮಾಡೋದು ಕಂಟ್ರೋಲ್ ಚಾನೆಲ್. ಬಸ್ಸಿನ ಬೋರ್ಡ್ ಅಂದ್ರೆ ಟಾಕ್‌ಗ್ರೂಪ್: ಟ್ರಾಫಿಕ್‌ನವರದ್ದು ಒಂದು, ಠಾಣೆಯವರದ್ದು ಇನ್ನೊಂದು, ಅಗ್ನಿಶಾಮಕದವರದ್ದು ಮತ್ತೊಂದು. ಪ್ರತಿ ಸಲ ಬಟನ್ ಒತ್ತಿದಾಗಲೂ ಫ್ರೀಕ್ವೆನ್ಸಿ ಬದಲಾಗಬಹುದು. ಹಾಗಾಗಿ ಟ್ರಂಕಿಂಗ್ ಗೊತ್ತಿಲ್ಲದ ಸ್ಕ್ಯಾನರ್‌ಗೆ ಸಿಗೋದು ಒಂದೊಂದು ತುಂಡು ಮಾತು. ಯಾರು, ಯಾರಿಗೆ, ಯಾವುದಕ್ಕೆ ಹೇಳಿದ್ರು ಅನ್ನೋ ಸಂಬಂಧವೇ ಇರೋದಿಲ್ಲ.

ಇದರ ಜೊತೆಗೇ ಬರೋ ಇನ್ನೊಂದು ತಲೆನೋವು ಸೈಮಲ್‌ಕಾಸ್ಟ್. ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಒಟ್ಟಿಗೆ ಬಿತ್ತುತ್ತವೆ. ಮಾರಿಕಾಂಬ ಜಾತ್ರೆಯಲ್ಲಿ ನಾಲ್ಕು ಮೂಲೆಗೆ ಹಾರ್ನ್ ಕಟ್ಟಿದಾಗ, ನಡುವೆ ನಿಂತವನಿಗೆ ಒಂದೇ ಅನೌನ್ಸ್‌ಮೆಂಟ್ ಹಿಂದೆ ಮುಂದೆ ಬಂದು ಕಲಸಿಹೋಗುತ್ತಲ್ಲ, ಅದೇ ಕಥೆ. ಡಿಜಿಟಲ್‌ನಲ್ಲಿ ಹೀಗೆ ಕಲಸಿದರೆ ಮಾತು ಪೂರ್ತಿ ಮಾಯ. ಎಸ್‌ಡಿಎಸ್100 ಮತ್ತು ಅದರ ಮೇಜಿನ ಮಾದರಿ ಎಸ್‌ಡಿಎಸ್200ಗೆ ಹೆಸರು ಬಂದದ್ದು ಇದನ್ನು ಉಳಿದವುಗಳಿಗಿಂತ ಚೆನ್ನಾಗಿ ನಿಭಾಯಿಸ್ತವೆ ಅನ್ನೋ ಕಾರಣಕ್ಕೆ.

ಕೆಲವೇ ಸಾವಿರ ರೂಪಾಯಿಗೆ ಸಿಗೋ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬಗ್ಗೆಯೂ ಕೇಳಿರ್ತೀರಿ. ಟಿವಿ ನೋಡಲು ಮಾಡಿದ ಯುಎಸ್‌ಬಿ ಕಡ್ಡಿ ಅದು. ಅದರ ಚಿಪ್‌ನಿಂದ ಕಚ್ಚಾ ರೇಡಿಯೊ ಅಂಕಿಗಳನ್ನೇ ಕಂಪ್ಯೂಟರ್‌ಗೆ ಎಳೆಯಬಹುದು ಅಂತ 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡರು. ಉಳಿದ ಕೆಲಸವೆಲ್ಲ ಸಾಫ್ಟ್‌ವೇರ್‌ನದ್ದು. ಕಲಿಯೋಕೆ ಇದಕ್ಕಿಂತ ಒಳ್ಳೆ ಸಾಧನ ಕಡಿಮೆ. ಆದರೆ ಅದೂ ರೇಡಿಯೊ ರಿಸೀವರೇ. ಅದರಲ್ಲಿ ಏನು ಕೇಳ್ತೀರಿ ಅನ್ನೋದಕ್ಕೆ ಕೆಳಗೆ ಹೇಳೋ ಕಾನೂನು ಅಷ್ಟೇ ಗಟ್ಟಿಯಾಗಿ ಅನ್ವಯಿಸುತ್ತೆ.

ಪ್ರಶ್ನೆ 3: ಬೀಗ ಇದೆಯಾ?

ಡಿಜಿಟಲ್ ಅಂದ್ರೆ ಗುಪ್ತ ಅಲ್ಲ. ಟ್ರಂಕಿಂಗ್ ಅಂದ್ರೂ ಗುಪ್ತ ಅಲ್ಲ. ಗುಪ್ತವಾಗೋದು ಎನ್‌ಕ್ರಿಪ್ಷನ್ ಹಾಕಿದಾಗ. ಆಗ ಮಾತಿನ ಅಂಕಿಗಳಿಗೆ ಬೀಗ ಬೀಳುತ್ತೆ, ಬೀಗದ ಕೈ ಇಲಾಖೆಯ ಸೆಟ್‌ಗಳಲ್ಲಿ ಮಾತ್ರ ಇರುತ್ತೆ. ಅಂಗಡಿಯಲ್ಲಿ ಮಾರೋ ಯಾವ ಸ್ಕ್ಯಾನರ್ ಕೂಡ, ಎಷ್ಟೇ ಬೆಲೆಯದ್ದಾಗಲಿ, ಈ ಬೀಗ ತೆಗೆಯೋದಿಲ್ಲ. "ಎಲ್ಲಾ ಎನ್‌ಕ್ರಿಪ್ಟೆಡ್ ಚಾನೆಲ್ ಕೇಳುತ್ತೆ" ಅಂತ ಯಾರಾದರೂ ಮಾರೋಕೆ ಬಂದರೆ ಅದು ಮೋಸ, ಮಾತು ಮುಂದುವರಿಸಬೇಡಿ.

ಸ್ಕ್ಯಾನರ್‌ಗಳ ತವರು ಅಮೆರಿಕದಲ್ಲೇ ಈಗ ಬೀಗಗಳ ಕಾಲ. ಷಿಕಾಗೋ ಪೊಲೀಸರು 2022ರಲ್ಲಿ ಚಾನೆಲ್‌ಗಳಿಗೆ ಬೀಗ ಹಾಕತೊಡಗಿದರು, ಸಾರ್ವಜನಿಕರಿಗೆ ಕೊಟ್ಟದ್ದು 30 ನಿಮಿಷ ತಡವಾಗಿ ಬರೋ ಆಡಿಯೊ. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಇದೇ ದಾರಿ ಹಿಡಿದರು. ಪೊಲೀಸರ ವಾದ: ಅಪರಾಧಿಗಳೂ ಕೇಳ್ತಾರೆ, ಸಂತ್ರಸ್ತರ ಹೆಸರು ವಿಳಾಸ ಬಯಲಾಗುತ್ತೆ. ಪತ್ರಕರ್ತರ ವಾದ: ಪೊಲೀಸರು ಹೇಳಿದ್ದನ್ನಷ್ಟೇ ಬರೀಬೇಕಾದ ಸ್ಥಿತಿ ಬರುತ್ತೆ. ಎರಡರಲ್ಲೂ ಸತ್ಯ ಇದೆ.

ಬೀಗ ಹಾಕಿದ ಮಾತ್ರಕ್ಕೆ ಅದು ಗಟ್ಟಿ ಅಂತಲೂ ಅಲ್ಲ. ಟೆಟ್ರಾದ ಟಿಇಎ1 ಅನ್ನೋ ಎನ್‌ಕ್ರಿಪ್ಷನ್ ವಿಧಾನದ ಕೀಲಿಯನ್ನು ಒಳಗೊಳಗೇ 32 ಬಿಟ್‌ಗೆ ಇಳಿಸಲಾಗಿದೆ, ಸಾಧಾರಣ ಕಂಪ್ಯೂಟರ್‌ನಲ್ಲೇ ಅದನ್ನು ಮುರಿಯಬಹುದು ಅಂತ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2023ರಲ್ಲಿ ಬಯಲು ಮಾಡಿದರು. ಅಂದ್ರೆ ಸರ್ಕಾರ ನಮ್ಮ ತೆರಿಗೆ ದುಡ್ಡಲ್ಲಿ "ಸುರಕ್ಷಿತ" ಅಂತ ವೈರ್‌ಲೆಸ್ ಕೊಂಡಾಗ, ಯಾವ ಸುರಕ್ಷೆ, ಯಾರು ಪರೀಕ್ಷೆ ಮಾಡಿದರು ಅಂತ ಕೇಳೋ ಹಕ್ಕು ನಮಗಿದೆ.

ಪ್ರಶ್ನೆ 4: ಕಾನೂನು ಏನು ಹೇಳುತ್ತೆ?

ಅಮೆರಿಕದ ಕಾನೂನು, ಬೀಗವಿಲ್ಲದ ಪೊಲೀಸ್ ಮಾತುಕತೆ ಕೇಳೋದಕ್ಕೆ ಸಾಮಾನ್ಯವಾಗಿ ಅವಕಾಶ ಕೊಡುತ್ತೆ. ಭಾರತದ ಕಾನೂನು ಹುಟ್ಟಿದ್ದೇ ಉಲ್ಟಾ ಕಡೆಯಿಂದ.

1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಬ್ರಿಟಿಷರು ಸಂಪರ್ಕ ಅನ್ನೋದೇ ಸರ್ಕಾರದ ವಿಶೇಷ ಹಕ್ಕು ಅಂದರು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳೋದೇ ತಪ್ಪು. ಬಳಸಬೇಕಾಗಿಯೇ ಇಲ್ಲ, ಮನೆಯಲ್ಲಿ ಇದ್ದರೆ ಸಾಕು. ನಿಮ್ಮ ಅಜ್ಜನ ಕಾಲದಲ್ಲಿ ಆಕಾಶವಾಣಿ ಕೇಳೋ ರೇಡಿಯೊಗೂ ಪೋಸ್ಟ್ ಆಫೀಸಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ಇಟ್ಟುಕೊಳ್ಳಬೇಕಿತ್ತು. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ಪ್ರಸಾರದ ರೇಡಿಯೊ, ಟಿವಿಗೆ ಆ ಲೈಸೆನ್ಸ್ ಹೋದದ್ದು 1980ರ ದಶಕದಲ್ಲಿ. ಉಳಿದ ರೇಡಿಯೊ ಉಪಕರಣಗಳ ಮೇಲಿನ ತತ್ವ ಹಾಗೇ ಉಳಿಯಿತು.

2023ರ ದೂರಸಂಪರ್ಕ ಕಾಯ್ದೆಯೂ ಇದೇ ತತ್ವವನ್ನು ಮುಂದುವರಿಸಿದೆ. ಅದರ 3ನೇ ಸೆಕ್ಷನ್ ಪ್ರಕಾರ ರೇಡಿಯೊ ಉಪಕರಣ ಇಟ್ಟುಕೊಳ್ಳೋಕೆ ಸರ್ಕಾರದ ಅನುಮತಿ ಬೇಕು, ಇಲ್ಲವೇ ಸರ್ಕಾರವೇ ವಿನಾಯಿತಿ ಕೊಟ್ಟಿರಬೇಕು. 42ನೇ ಸೆಕ್ಷನ್ ಇನ್ನೂ ಕಠಿಣ: ಕಾನೂನುಬಾಹಿರವಾಗಿ ಸಂದೇಶ ಕದ್ದಾಲಿಸಿದರೆ 3 ವರ್ಷದವರೆಗೆ ಜೈಲು, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಸೆಕ್ಷನ್ 2024ರ ಜೂನ್ 26ರಿಂದ ಜಾರಿಯಲ್ಲಿದೆ.

"ಆನ್‌ಲೈನ್‌ನಲ್ಲಿ ವಾಕಿಟಾಕಿ ಮಾರ್ತಾರಲ್ಲ?" ಅಂತ ಕೇಳಬಹುದು. ಮಾರ್ತಾರೆ ಅಂದ ಮಾತ್ರಕ್ಕೆ ಇಟ್ಟುಕೊಳ್ಳಬಹುದು ಅಂತಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರಲ್ಲಿ ಲೈಸೆನ್ಸ್ ವಿನಾಯಿತಿ ಸಿಕ್ಕಿದೆ. ಅದರಾಚೆಗಿನ ಸೆಟ್‌ಗಳನ್ನು ಮಾಹಿತಿ ಮುಚ್ಚಿಟ್ಟು ಮಾರ್ತಿದ್ದಾರೆ ಅನ್ನೋ ಕಾರಣಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸ್ ಕೊಟ್ಟಿತು, ಅದೇ ತಿಂಗಳು ಹೊಸ ಮಾರ್ಗಸೂಚಿಯೂ ಬಂತು.

ಹಾಗಾಗಿ ನೇರವಾಗಿ ಹೇಳಬೇಕು ಅಂದ್ರೆ: ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಕೂತು ಪೊಲೀಸ್ ವೈರ್‌ಲೆಸ್ ಕೇಳೋಕೆ ಸ್ಕ್ಯಾನರ್ ತರಿಸೋ ಯೋಚನೆ ಬಿಡಿ. ಅಮೆರಿಕದಿಂದ ಬರೋ ಅಣ್ಣನ ಸೂಟ್‌ಕೇಸಲ್ಲೂ ಬೇಡ. ಅದರಲ್ಲೂ ನಿಷೇಧಾಜ್ಞೆ ಇರೋ ದಿನ, ಪ್ರತಿಭಟನೆಗೆ ಹೋಗೋ ಹುಡುಗನ ಬ್ಯಾಗಲ್ಲಿ ಅಂಥ ಪೆಟ್ಟಿಗೆ ಸಿಕ್ಕರೆ ಅದು ಹವ್ಯಾಸ ಅಂತ ಯಾರೂ ನಂಬೋದಿಲ್ಲ. ಒಂದು ಸಣ್ಣ ಕೇಸ್ ಆಗಬೇಕಿದ್ದದ್ದು ದೊಡ್ಡ ಸೆಕ್ಷನ್‌ಗಳ ಕೇಸ್ ಆಗಿಬಿಡುತ್ತೆ.

ಹೊರದೇಶದಲ್ಲಿರೋ ಕನ್ನಡದವರಿಗೆ ಲೆಕ್ಕ ಬೇರೆ. ಅಮೆರಿಕದಲ್ಲಿದ್ದರೆ ಮೊದಲು ನಿಮ್ಮ ಕೌಂಟಿಯ ಪದ್ಧತಿ ಯಾವುದು, ಬೀಗ ಇದೆಯಾ, ಸೈಮಲ್‌ಕಾಸ್ಟ್ ಇದೆಯಾ ನೋಡಿ, ಆಮೇಲೆ ಮಾದರಿ ಆರಿಸಿ. ಎಲ್ಲದಕ್ಕೂ ಬೀಗ ಬಿದ್ದಿದ್ದರೆ ದುಡ್ಡು ಉಳಿಸಿ. ನ್ಯೂಯಾರ್ಕ್, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಸ್ಕ್ಯಾನರ್ ಇಡೋದಕ್ಕೆ ನಿರ್ಬಂಧ ಇದೆ. ಬ್ರಿಟನ್‌ನಲ್ಲಿ ಸ್ಕ್ಯಾನರ್ ಕೊಳ್ಳಬಹುದು, ಆದರೆ ನಿಮಗಲ್ಲದ ಸಂದೇಶ ಕೇಳೋದು 2006ರ ಕಾಯ್ದೆಯಂತೆ ಅಪರಾಧ.

ಹಾಗಾದ್ರೆ ನಮ್ಮೂರಲ್ಲಿ ಯಾವ ರೇಡಿಯೊ?

ಮೊದಲನೆಯದು ತೀರಾ ಹಳೆಯದು: ಬ್ಯಾಟರಿ ಹಾಕೋ ಎಫ್‌ಎಂ ರೇಡಿಯೊ. 1965ರಿಂದ ನಮ್ಮ ಕಿವಿಯಲ್ಲಿರೋ ಆಕಾಶವಾಣಿ ಭದ್ರಾವತಿ ಎಫ್‌ಎಂ 103.5ರಲ್ಲಿ ಸಿಗುತ್ತೆ. ಇಂಟರ್ನೆಟ್ ನಿಲ್ಲಿಸಿದರೂ, ಮಳೆಗೆ ಕರೆಂಟ್ ಹೋಗಿ ಮೊಬೈಲ್ ಟವರ್ ಮಲಗಿದರೂ ನಿಮ್ಮ ಸೆಟ್ ನಡೀತಾ ಇರುತ್ತೆ. ಹೊಸ ಫೋನ್ ಕೊಳ್ಳೋವಾಗ ಎಫ್‌ಎಂ ಇದೆಯಾ ನೋಡಿ. ಫೋನ್‌ಗಳಲ್ಲಿ ಎಫ್‌ಎಂ ತೆರೆದಿಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಹೇಳಿದೆ.

ಎರಡನೆಯದು ನಿಮ್ಮ ಜೇಬಲ್ಲೇ ಇದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯ ಪರೀಕ್ಷೆ. ಒಂದು ಟವರ್‌ನ ಸುತ್ತ ಇರೋ ಎಲ್ಲರಿಗೂ ನಂಬರ್ ಕೇಳದೆ ಸಂದೇಶ ಮುಟ್ಟಿಸೋ ವಿಧಾನ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಿಟ್ಟಿದ್ದರೆ ಈಗಲೇ ಆನ್ ಮಾಡಿ.

ಮೂರನೆಯದು, ರೇಡಿಯೊ ಹುಚ್ಚು ನಿಜಕ್ಕೂ ಇದ್ದವರಿಗೆ: ಹ್ಯಾಮ್ ಲೈಸೆನ್ಸ್. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ಅರ್ಜಿ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಲೈಸೆನ್ಸ್ ಸಿಕ್ಕರೆ ಹ್ಯಾಮ್‌ಗಳಿಗೆ ಮೀಸಲಾದ ಫ್ರೀಕ್ವೆನ್ಸಿಗಳಲ್ಲಿ ಕೇಳಬಹುದು, ಮಾತಾಡಬಹುದು, ಡಿಜಿಟಲ್ ಪದ್ಧತಿಗಳನ್ನು ಕಾನೂನಿನೊಳಗೇ ಕಲಿಯಬಹುದು. 2004ರ ಸುನಾಮಿಯಲ್ಲಿ ಅಂಡಮಾನ್‌ನ ಸಂಪರ್ಕ ಕಡಿದಾಗ ಪೋರ್ಟ್‌ಬ್ಲೇರ್‌ನಿಂದ ಸುದ್ದಿ ಮುಟ್ಟಿಸಿದ್ದು ಆಗ ಅಲ್ಲಿದ್ದ ಹ್ಯಾಮ್ ತಂಡ. ಆದರೆ ಇದು ಪೊಲೀಸ್ ಚಾನೆಲ್ ಕೇಳೋಕೆ ಪರವಾನಗಿ ಅಲ್ಲ, ಗೊತ್ತಿರಲಿ.

ಕದ್ದು ಕೇಳೋದು ಬೇಡ, ಎದುರು ನಿಂತು ಕೇಳೋಣ

ಕನ್ನಡದಲ್ಲಿ "ಕೇಳು" ಅನ್ನೋದಕ್ಕೆ ಎರಡು ಅರ್ಥ. ಕಿವಿಯಿಂದ ಕೇಳೋದು ಒಂದು, ಬಾಯಿಬಿಟ್ಟು ಕೇಳೋದು ಇನ್ನೊಂದು. ಮೊದಲನೆಯದಕ್ಕೆ ಬಾಗಿಲು ಮುಚ್ಚಿದೆ. ಎರಡನೆಯದಕ್ಕೆ ತೆರೆದಿದೆ, ಅದನ್ನು ನಾವು ಸರಿಯಾಗಿ ಬಳಸ್ತಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ವೈರ್‌ಲೆಸ್‌ನಲ್ಲಿ ಬರೋದು ಸತ್ಯ ಅಲ್ಲ, ಮೊದಲ ಮಾಹಿತಿ. "ಇಂಥ ಕಡೆ ಕಲ್ಲು ಬೀಳ್ತಿದೆಯಂತೆ, ನೋಡಿ" ಅನ್ನೋದು ಕಂಟ್ರೋಲ್ ರೂಮ್‌ಗೆ ಒಂದು ಕೆಲಸ. ಹತ್ತು ನಿಮಿಷದಲ್ಲಿ ಅಲ್ಲಿ ಏನೂ ಇಲ್ಲ ಅಂತ ಉತ್ತರ ಬರಬಹುದು. ಅದೇ ವಾಕ್ಯ ರೆಕಾರ್ಡ್ ಆಗಿ ಗ್ರೂಪಿಂದ ಗ್ರೂಪಿಗೆ ಹಾರಿದರೆ, ಉತ್ತರ ಬರೋ ಹೊತ್ತಿಗೆ ಶಿವಮೊಗ್ಗದಂಥ ಊರಲ್ಲಿ ನಿಜಕ್ಕೂ ಕಲ್ಲು ಬಿದ್ದಿರುತ್ತೆ. ಬೀದಿಯ ಹೆಸರು ಕೇಳಿದರೆ ಸಾಕು, ಅದು ಯಾರ ಬೀದಿ ಅಂತ ಜನ ಲೆಕ್ಕ ಹಾಕೋ ಊರು ಇದು. ಹಾಗಾಗಿ ಪೊಲೀಸ್ ಚಾನೆಲ್ ಲೈವ್ ಆಗಿ ಬಯಲಾಗಲಿ ಅಂತ ಕೇಳೋದು ಸರಿಯಲ್ಲ.

ಆದರೆ ಆಡಳಿತದ ಮೌನವೂ ಅಷ್ಟೇ ಅಪಾಯ. ಅಧಿಕೃತ ಮಾತು ಬಾರದ ಪ್ರತಿ ಗಂಟೆಯನ್ನೂ ವದಂತಿ ತುಂಬುತ್ತೆ. ಹಾಗಾಗಿ ಕೇಳಬೇಕಾದ್ದು ಇವು.

ಒಂದು, ಗಲಭೆ ಅಥವಾ ಅವಘಡದ ದಿನ ಎಸ್‌ಪಿ ಕಚೇರಿಯಿಂದ ಗಂಟೆಗೊಮ್ಮೆ ಸಮಯ ಹಾಕಿದ ಅಧಿಕೃತ ಮಾಹಿತಿ. ಏನೂ ಆಗಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಲೇ ಹೇಳಲಿ. ಅದನ್ನೇ ಆಕಾಶವಾಣಿಯೂ ಓದಲಿ.

ಎರಡು, ನಿಷೇಧಾಜ್ಞೆ ಮತ್ತು ಇಂಟರ್ನೆಟ್ ನಿಲುಗಡೆಯ ಆದೇಶದ ಪ್ರತಿ. ಹಿಂದೆ 144 ಅಂತಿದ್ದದ್ದು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 163. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಯಾವ ಬಡಾವಣೆ, ಎಷ್ಟು ಗಂಟೆಯವರೆಗೆ, ಯಾವ ಕಾರಣಕ್ಕೆ ಅನ್ನೋದು ಜಿಲ್ಲಾಡಳಿತದ ವೆಬ್‌ಸೈಟ್‌ನಲ್ಲಿ ಅವತ್ತೇ ಇರಬೇಕು.

ಮೂರು, ಎಫ್‌ಐಆರ್. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. "ಅಲ್ಲಿ ಕೇಸ್ ಆಗಿದೆಯಂತೆ" ಅನ್ನೋ ಫಾರ್ವರ್ಡ್ ಬಂದರೆ ಮೊದಲು ಅಲ್ಲಿ ನೋಡಿ.

ನಾಲ್ಕು, ನದಿ. ಲಕ್ಕವಳ್ಳಿಯಲ್ಲಿ ಭದ್ರಾ ಡ್ಯಾಂ 186 ಅಡಿ ತುಂಬಿ ಗೇಟ್ ತೆಗೆದರೆ ಭದ್ರಾವತಿಯ ಕವಲಗುಂದಿಯಂಥ ತಗ್ಗಿನ ಕಡೆ ನೀರು ನುಗ್ಗುತ್ತೆ. ಗಾಜನೂರಿನಿಂದ ತುಂಗೆ ಬಿಟ್ಟರೆ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತಾ ಅಂತ ನೋಡ್ತಾರೆ. ಇಷ್ಟು ಸಾವಿರ ಕ್ಯೂಸೆಕ್ ಅಂತ ಹೇಳಿದರೆ ಜನಕ್ಕೆ ಅರ್ಥ ಆಗೋದಿಲ್ಲ. ಯಾವ ಬೀದಿಗೆ ಎಷ್ಟೊತ್ತಿಗೆ ನೀರು ಬರಬಹುದು ಅಂತ ಹೇಳಬೇಕು.

ಐದು, ಲೆಕ್ಕ. ಘಟನೆ ಮುಗಿದ ಮೇಲೆ 112ಕ್ಕೆ ಕರೆ ಬಂದದ್ದು ಎಷ್ಟೊತ್ತಿಗೆ, ವಾಹನ ತಲುಪಿದ್ದು ಎಷ್ಟೊತ್ತಿಗೆ ಅಂತ ಆರ್‌ಟಿಐ ಹಾಕಿ. ತನಿಖೆಗೆ ತೊಂದರೆ ಅಂತ ಕೆಲವು ವಿವರ ನಿರಾಕರಿಸಬಹುದು, ಆದರೆ ಸಮಯದ ಲೆಕ್ಕವನ್ನು ಗುಟ್ಟು ಅಂತ ಸಮರ್ಥಿಸೋದು ಕಷ್ಟ. ಹೊಸ ವೈರ್‌ಲೆಸ್ ಸೆಟ್‌ಗಳಿಗೆ ಎಷ್ಟು ಖರ್ಚಾಯಿತು ಅಂತಲೂ ಹೀಗೇ ಕೇಳಬಹುದು.

ಈ ಐದರಲ್ಲಿ ಯಾವುದಕ್ಕೂ ಡಾಲರ್ ಬೇಡ, ಆಂಟೆನಾ ಬೇಡ. ಆರ್‌ಟಿಐ ಅರ್ಜಿಗೆ 10 ರೂಪಾಯಿ ಸಾಕು.